ಆರಿದ್ರೆಯ ಬೆಳಕು ಅಳೆದ ನನ್ನ ಅನುಭವ

ತುಮಕೂರಿನ ತಾರಸಿ ಮೇಲೆ ಬರೀ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡು ಆರಿದ್ರಾ ನಕ್ಷತ್ರದ, ಅಂದರೆ ಬೆಟೆಲ್‌ಗ್ಯೂಸ್‌ನ, ಹೊಳಪಿನ ಏರಿಳಿತ ಅಳೆಯೋಕೆ ಆಗಲ್ಲ ಅಂದವರೇ ಜಾಸ್ತಿ. ಈಗ ಎಎವಿಎಸ್‌ಒ (ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ ಅಮೆರಿಕದ ಸಂಘ) ದಾಖಲೆಗೂ ನನ್ನ ಅಳತೆಗೂ ಸುಮಾರು 0.03 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಷ್ಟೇ. ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು.

ಹುಚ್ಚು ಹಿಡಿದಿದ್ದು 2020ರ ಫೆಬ್ರವರಿಯಲ್ಲಿ. ಆರಿದ್ರೆಯ ಹೊಳಪು 1.6 ಮ್ಯಾಗ್ನಿಟ್ಯೂಡ್ ಹತ್ತಿರಕ್ಕೆ ಇಳಿದಿತ್ತು. ಪಕ್ಕದ ಬೆಲ್ಲಾಟ್ರಿಕ್ಸ್ ನಕ್ಷತ್ರಕ್ಕೂ ಅದಕ್ಕೂ ಬರಿಗಣ್ಣಿಗೆ ಹೊಳಪಿನಲ್ಲಿ ಫರಕೇ ಇರಲಿಲ್ಲ.

ಮೊದಲ ಚಳಿಗಾಲ ಪೂರ್ತಿ ಹಾಳು. 50 ಎಂಎಂ ಲೆನ್ಸಿನಲ್ಲಿ ಆರಿದ್ರೆ, ಅದರ ಹೊಳಪು ಹೋಲಿಸಿ ನೋಡಲು ಆರಿಸಿಕೊಂಡ ರೋಹಿಣಿ (ಅಲ್ಡೆಬರಾನ್) ಎರಡನ್ನೂ ಒಂದೇ ಫ್ರೇಮಿಗೆ ತುರುಕಿದ್ದೆ. ಎರಡೂ ಮೂಲೆಗೆ ಹೋಗಿ, ಮೂಲೆಯ ಮಬ್ಬಿನಿಂದ 0.2ರಷ್ಟು ತಪ್ಪು ಬರುತ್ತಿತ್ತು. ಹಳೇ ಕ್ಯಾಮೆರಾ, ಲೆನ್ಸ್ ಸೇರಿ ಇಪ್ಪತ್ತೆರಡು ಸಾವಿರ ಆಗಿತ್ತು. ಅದರ ಮೇಲೆ ಇಪ್ಪತ್ತೆಂಟು ಸಾವಿರ ಕೊಟ್ಟು, ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕಿಂಗ್ ಮೌಂಟ್ ತಂದೆ. ಬೇಕೇ ಇರಲಿಲ್ಲ. ಹತ್ತು ಸಾವಿರ ಕಳಕೊಂಡು ಮಾರಿದೆ.

ಕೆಲಸ ಆಗಿದ್ದು ಹೊತ್ತು ಹಿಡಿದಾಗ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಆಸುಪಾಸು ನಮ್ಮೂರಿನಲ್ಲಿ ರೋಹಿಣಿ, ಆರಿದ್ರೆ ಎರಡೂ ಹೆಚ್ಚುಕಮ್ಮಿ ನೆತ್ತಿ ಮೇಲೆ, ಒಂದೇ ಎತ್ತರಕ್ಕೆ ಬರುತ್ತವೆ. ಗಾಳಿ ನುಂಗುವ ಬೆಳಕಿನ ಲೆಕ್ಕ ಹಾಕುವ ಗೋಜೇ ತಪ್ಪಿತು. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ಒಂದೊಂದನ್ನೂ ಫ್ರೇಮಿನ ನಡುವೆ ಇಟ್ಟು, ಬೆಳಕು ಹರಡಲಿ ಅಂತ ಫೋಕಸ್ ಕೆಡಿಸಿ, ಒಂದು ಸೆಕೆಂಡಿನ ನಲವತ್ತು ಫೋಟೋ. ಫೋಟೋದ ಕೆಂಪು, ಹಸಿರು, ನೀಲಿಯಲ್ಲಿ ಹಸಿರು ಚಾನೆಲ್ ಮಾತ್ರ ಲೆಕ್ಕಕ್ಕೆ. ರೋಹಿಣಿಯೂ ಕೆಂಪಗಿರುವುದರಿಂದ ಬಣ್ಣದ ತಪ್ಪು ಕಮ್ಮಿ. ಆದರೆ ರೋಹಿಣಿಯ ಹೊಳಪೂ ಸ್ವಲ್ಪ ಅಲುಗುತ್ತದೆ, ಪ್ರೊಸಿಯಾನ್ ನಕ್ಷತ್ರದ ಜೊತೆ ತಾಳೆ ನೋಡಿ. ಫೋಕಸ್ ದಿನಾ ಅಷ್ಟೇ ಕೆಡಿಸುವುದು ಹೇಗೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ನಡುವೆ ಅಮ್ಮನ ಹಳೇ ಶಿಫಾನ್ ಸೀರೆ ತುಂಡನ್ನು ಲೆನ್ಸಿಗೆ ಕಟ್ಟಿ ನೋಡಿದೆ. ನಕ್ಷತ್ರಕ್ಕೆ ಶಿಲುಬೆಯಂಥ ಬಾಲಗಳು ಬಂದವು. ಅಳತೆಗೆ ಬರಲಿಲ್ಲ.

2020ರ ಮಬ್ಬಿನ ನಂತರ ಆರಿದ್ರೆಯ ಹಳೇ 400 ದಿನದ ಬಡಿತ (ಹೊಳಪು ಏರಿ ಇಳಿಯುವ ಸುತ್ತು) ಹೋಗಿ, ಸುಮಾರು 200 ದಿನದ್ದು ನನ್ನ ಗ್ರಾಫಿನಲ್ಲೂ ಕಾಣುತ್ತಿದೆ. ನನಗೆ ಬೇಕಾಗಿರುವುದು ಅದರಡಿಯ 2100 ದಿನದ ನಿಧಾನ ಬಡಿತ. ಅದಕ್ಕೆ ಜೊತೆಗಾರ ನಕ್ಷತ್ರ ಕಾರಣ ಇರಬಹುದು ಎಂದು 2024ರಲ್ಲಿ ಎರಡು ತಂಡಗಳು ಹೇಳಿದವು. ಅದೇ ಡಿಸೆಂಬರಿನಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕ ತೆಗೆದ ಚಿತ್ರದಲ್ಲಿ ಆರಿದ್ರೆಯ ಪಕ್ಕದಲ್ಲೇ, ಅದಕ್ಕಿಂತ ಆರು ಮ್ಯಾಗ್ನಿಟ್ಯೂಡ್ ಮಂಕಾದ ಚುಕ್ಕೆ ಸಿಕ್ಕಿತು. ಸುಳಿವು ಇನ್ನೂ ಗಟ್ಟಿಯಿಲ್ಲ. ಜೆಮಿನಿಯವರೂ ಗಾಳಿಯ ನಡುಕ ಗೆದ್ದಿದ್ದು ಪುಟ್ಟ ಪುಟ್ಟ ಎಕ್ಸ್‌ಪೋಶರ್‌ಗಳಿಂದಲೇ! ಆ ಜೊತೆಗಾರನನ್ನು ಮತ್ತೆ ನೋಡಲು ಒಳ್ಳೇ ಅವಕಾಶ 2027ರ ನವೆಂಬರ್.

ಅಷ್ಟರೊಳಗೆ ಆ ನಿಧಾನ ಬಡಿತದ ಒಂದು ಸುತ್ತು ಬಿಡದೆ ಅಳೆಯಬೇಕು. ಮೇನಿಂದ ಆಗಸ್ಟ್‌ವರೆಗೆ ಮಾತ್ರ ಗ್ರಾಫ್ ಖಾಲಿ. ಆರಿದ್ರಾ ಮಳೆ ಹೊತ್ತಿಗೆ ಸೂರ್ಯ ಆ ಕಡೆಯೇ ಇರುತ್ತಾನಲ್ವಾ.