ನವಮಿಯ ನೇತ್ರಾಣಿ: ಮನೆಮಂದಿಯನ್ನು ಕಡಲಿಗೆ ಇಳಿಸಿದ ನನ್ನ ಅನುಭವ

ಕಳೆದ ಜನವರಿಯಲ್ಲಿ ನಾವು ನಾಲ್ವರೂ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗಿಗೆ ನೀರಿಗಿಳಿದು ನಗುತ್ತ ಮೇಲೆ ಬಂದೆವು. ಮಗಳಿಗೆ 14, ಮಗನಿಗೆ ಆಗಷ್ಟೇ 10 ತುಂಬಿತ್ತು, ಹೆಂಡತಿಗೆ ಈಜು ಬಾರದು. ದರ್ಶನ ಮುಗಿಸಿ ಮುರುಡೇಶ್ವರದ ದಡದಲ್ಲಿ ಕಾಯುತ್ತಿದ್ದ ಆಯಿಯ ಹತ್ತಿರ ಮಗ ಓಡಿಹೋಗಿ ಹೇಳಿದ್ದು ಆಮೆಯ ಸುದ್ದಿ. ಬೆಂಗಳೂರಿನ ಭಾವ ಮೂರು ವರ್ಷಗಳಿಂದ "ಡೈವಿಂಗ್ ಎಂದರೆ ಅಂಡಮಾನಿಗೇ ಹೋಗಬೇಕು ಮಾರಾಯ, ನಮ್ಮ ಕಡಲಲ್ಲಿ ಕೆಸರು ಬಿಟ್ಟರೆ ಏನಿದೆ?" ಎನ್ನುತ್ತಿದ್ದರು. ಈಗ ತಮ್ಮ ಮಕ್ಕಳಿಗೂ ದಿನ ನೋಡಿಕೊಡು ಎಂದು ಫೋನ್ ಮಾಡುತ್ತಾರೆ.

ಇದಕ್ಕೂ ಮೊದಲು ಎರಡು ಸಲ ಸೋತಿದ್ದೆ. ಮೊದಲನೆಯದು ಗೋವೆಯಲ್ಲಿ. ಒಂದೇ ದೋಣಿಯಲ್ಲಿ ಮೂವತ್ತು ಜನ. ಮಗನಿಗೆ ಆಗ 8 ವರ್ಷ. ವಯಸ್ಸು ಎಷ್ಟೆಂದು ಯಾರೂ ಕೇಳಲಿಲ್ಲ. ಎಂಟರ ಮಕ್ಕಳಿಗೆ ಎರಡು ಮೀಟರಿನ ಕೊಳವೇ ಮಿತಿ, ಕಡಲಿಗೆ ಹತ್ತು ತುಂಬಬೇಕು ಎಂಬುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ, ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ (PADI) ನಿಯಮ. ನನಗೂ ಗೊತ್ತಿತ್ತು, ಅವನನ್ನು ಇಳಿಸದೆ ದೋಣಿಯಲ್ಲೇ ಕೂರಿಸಿಕೊಂಡೆ, ಅವನು ಅತ್ತ. ಇಳಿದ ಇಬ್ಬರಿಗೆ ಸಿಕ್ಕಿದ್ದು ತಲಾ ಆರೇಳು ನಿಮಿಷ, ಚಾಚಿದ ಕೈ ಕಾಣದಷ್ಟು ಕಲಕು ನೀರು. ವಿಡಿಯೊಗೆ ಬೇರೆ ದುಡ್ಡು. ಎಲ್ಲ ಸೇರಿ 16,000 ಹೋಯಿತು.

ಎರಡನೆಯದು ನೇತ್ರಾಣಿಯಲ್ಲೇ. ಶಾಲೆಗೆ ರಜೆಯೆಂದು ಮೇ ತಿಂಗಳಲ್ಲಿ ಹೋದೆ. ಅಮಾವಾಸ್ಯೆಯ ಹಿಂದಿನ ದಿನ, ಅದೂ ಹತ್ತು ಗಂಟೆಯ ದೋಣಿ. ಹತ್ತೊಂಬತ್ತು ಕಿಲೋಮೀಟರ್ ದೂರದ ದ್ವೀಪಕ್ಕೆ ಒಂದೂವರೆ ಗಂಟೆ ಸಾಕು, ಅಂದು ಎರಡು ಗಂಟೆ ಮೀರಿತು. ಹೆಂಡತಿಯೂ ಮಗಳೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು. ಮಗಳಿಗೆ ನೆಗಡಿ ಇತ್ತು, ಅದನ್ನೂ ಯಾರೂ ಕೇಳಲಿಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ನೋವೆಂದು ಮೇಲೆ ಬಂದಳು. ಆಮೇಲೆ ಶಿರಸಿಯಲ್ಲಿ ಕಿವಿ ಡಾಕ್ಟರ ಬಳಿ ಎರಡು ಸಲ ಹೋಗಬೇಕಾಯಿತು. ಔಷಧಿಯ ಖರ್ಚೂ ಸೇರಿ 25,000ದ ಆಸುಪಾಸು. ಊರಿನಲ್ಲಿ ಎಲ್ಲರೂ ಬುದ್ಧಿ ಹೇಳಿದ್ದು ಆಗಲೇ.

ತಪ್ಪು ಕಡಲಿನದಲ್ಲ, ನಾನು ಆರಿಸಿದ ದಿನದ್ದು ಮತ್ತು ಆರಿಸಿದ ಜನರದ್ದು. ಅದನ್ನು ಖಚಿತಪಡಿಸಿಕೊಳ್ಳಲು ಒಂದು ಚಳಿಗಾಲ ಕಳೆಯಿತು.

ನೀರು ಎಷ್ಟು ಆಳದವರೆಗೆ ತಿಳಿಯಾಗಿದೆ ಎಂದು ಅಳೆಯಲು ಊಟದ ಸ್ಟೀಲ್ ತಟ್ಟೆಗೆ ಮೂರು ತೂತು ಕೊರೆದು, ಹಗ್ಗ ಕಟ್ಟಿ, ಹಗ್ಗಕ್ಕೆ ಅರ್ಧ ಮೀಟರಿಗೊಂದರಂತೆ ಗಂಟು ಹಾಕಿದೆ. ಕಡಲ ಕಡೆ ಕೆಲಸ ಬಿದ್ದಾಗಲೆಲ್ಲ ಅದು ಕಾರಿನಲ್ಲಿರುತ್ತಿತ್ತು. ದೋಣಿಯಿಂದ ಇಳಿಬಿಡುವುದು, ತಟ್ಟೆ ಮರೆಯಾದಾಗ ಗಂಟು ಎಣಿಸುವುದು, ಅಷ್ಟೇ. ಕಾಳಿ ಕಡಲು ಸೇರುವ ಕಾರವಾರದ ಕೋಡಿಬಾಗದಲ್ಲಿ ಮೂರನೆಯ ಗಂಟಿಗೇ ಮಾಯ. ಅಲ್ಲಿಯದೇ ಕೂರ್ಮಗಡ ದ್ವೀಪದ ಹೊರಬದಿಯಲ್ಲಿ ನಾಲ್ಕು ಮೀಟರ್ ಇರಬಹುದು. ಹೊನ್ನಾವರದಲ್ಲಿ ಶರಾವತಿಯ ಬಾಯಿಯೂ ಕಾಳಿಯಂತೆಯೇ. ಕಾರವಾರದ ದ್ವೀಪಗಳು ಕಣ್ಣಿಗೆ ಎಷ್ಟೇ ಚೆಂದವಿದ್ದರೂ ಹೊಳೆಯ ಮಣ್ಣು ಅಲ್ಲಿಯವರೆಗೆ ಬರುತ್ತದೆ; ಮೊದಲ ಸಲ ಇಳಿಯುವ ಮಕ್ಕಳಿಗೆ ಆ ಜಾಗ ಬೇಡವೆಂದು ಅಂದೇ ತೀರ್ಮಾನಿಸಿದೆ. ನೇತ್ರಾಣಿಯಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ ಹಗ್ಗದ ಹನ್ನೆರಡು ಮೀಟರೂ ಮುಗಿಯಿತು, ತಟ್ಟೆ ಇನ್ನೂ ಮಿನುಗುತ್ತಿತ್ತು. ಅದೇ ನೇತ್ರಾಣಿ ಹುಣ್ಣಿಮೆಯ ಮರುದಿನ ಏಳು ಮೀಟರಿಗೆ ಇಳಿದಿತ್ತು.

ಹಾಗಾಗಿ ಪಂಚಾಂಗ ತೆಗೆದೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಗೆ ಕಡಲು ಸಣ್ಣದಾಗುತ್ತದೆ. ಆದರೆ ನೀರು ಚಂದ್ರನಿಗಿಂತ ಒಂದೆರಡು ದಿನ ಹಿಂದೆ ನಡೆಯುತ್ತದೆ. ಆದ್ದರಿಂದ ನನ್ನ ದಿನ ನವಮಿ ಅಥವಾ ದಶಮಿ, ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗಿನ ಮೊದಲ ದೋಣಿ. ಹನ್ನೊಂದರ ಮೇಲೆ ಪಡುವಣ ಗಾಳಿ ಏಳುತ್ತದೆ, ಅಷ್ಟರೊಳಗೆ ನೀರಿನಿಂದ ಎದ್ದಿರಬೇಕು. ಮುರುಡೇಶ್ವರದ ತಂಡೇಲರೊಬ್ಬರಿಗೆ (ಮೀನುದೋಣಿ ನಡೆಸುವವರು) ಇದನ್ನು ಹೇಳಿದಾಗ, ಬಲೆ ಬಿಡುವವರಿಗೆ ಇದು ಅಜ್ಜನ ಕಾಲದಿಂದ ಗೊತ್ತು ಎಂದರು. ದ್ವೀಪದ ಯಾವ ಬದಿಯಲ್ಲಿ ಲಂಗರು ಹಾಕಿಸಿದರೆ ಮಕ್ಕಳಿಗೆ ಒಳ್ಳೆಯದು ಎಂಬುದನ್ನೂ ಅವರೇ ತೋರಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಭಾನುವಾರ ಅಲ್ಲಿ ಹತ್ತು ದೋಣಿ ನಿಂತಿರುತ್ತವೆ.

ಪಂಚಾಂಗಕ್ಕೂ ಸಿಗದ ಒಂದು ಸಂಗತಿಯಿದೆ. ಡಿಸೆಂಬರಿನಲ್ಲಿ ಒಮ್ಮೆ ದಶಮಿಗೆಂದು ಮುಂಗಡ ಕೊಟ್ಟು, ಹಿಂದಿನ ರಾತ್ರಿ ಗೋಕರ್ಣದಲ್ಲಿ ತಂಗಿದ್ದೆವು. ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು. ಮಕ್ಕಳು ಹೆಜ್ಜೆ ಹೆಜ್ಜೆಗೂ ಮರಳು ಮಿನುಗಿಸುತ್ತ ನಡುರಾತ್ರಿಯವರೆಗೆ ಕುಣಿದರು. ಆ ಬೆಳಕು ಬೀರುವ ಸೂಕ್ಷ್ಮಜೀವಿಗಳು ದಟ್ಟವಾದಾಗ ಹಗಲು ನೀರು ಹಸಿರು ಗಂಜಿಯಂತಾಗುತ್ತದೆ. ಬೆಳಿಗ್ಗೆ ಪ್ರವಾಸ ರದ್ದು ಮಾಡಿದೆ, 4,000 ಮುಂಗಡ ಮರಳಲಿಲ್ಲ. ಅಂದು ಹೋಗಿಬಂದವರು ಏನೂ ಕಾಣಲಿಲ್ಲವೆಂದು ಆಮೇಲೆ ತಿಳಿಯಿತು.

ಇನ್ನು ಕರೆದೊಯ್ಯುವವರ ವಿಷಯ. ದರ ಎಲ್ಲರದೂ ಹೆಚ್ಚುಕಡಿಮೆ ಒಂದೇ, ತಲೆಗೆ 5,000ದ ಆಚೀಚೆ. ನಾನು ದರ ಕೇಳುವುದೇ ಕೊನೆಗೆ. ಉಸಿರಾಟದ ಗಾಳಿಯ ಸಿಲಿಂಡರಿನ ಭುಜದ ಮೇಲೆ ಒತ್ತಿರುವ ಪರೀಕ್ಷೆಯ ತಾರೀಖು ನೋಡುತ್ತೇನೆ. ದೋಣಿಯಲ್ಲಿ ತುರ್ತಿಗೆ ಆಮ್ಲಜನಕ ಇದೆಯೇ ಎಂದು ಕೇಳುವುದಿಲ್ಲ, ತೆರೆದು ತೋರಿಸಿ ಎನ್ನುತ್ತೇನೆ. ಒಬ್ಬರಿಗೆ ಒಬ್ಬ ಬೋಧಕ ಎಂದು ಬರೆದು ಕಳಿಸಬೇಕು. ಇವಿಷ್ಟು ನಿಮಗೂ ಗೊತ್ತಿರುವುದೇ.

ನನಗೆ ನಿಜವಾಗಿ ಕೆಲಸ ಮಾಡಿದ್ದು ಒಂದು ಪ್ರಶ್ನೆ: "ಎರಡು ಡೈವ್ ಮುಗಿಸಿ ಸಂಜೆಯೇ ಶಿರಸಿಗೆ ಹೋಗಬಹುದೇ?" ನಾಲ್ಕು ಕಡೆ ಕೇಳಿದೆ. ಮೂವರು "ಆರಾಮವಾಗಿ ಹೋಗಿ ಸಾರ್" ಎಂದರು. ನಾಲ್ಕನೆಯವರು ಮಾತ್ರ "ಘಟ್ಟದ ಮೇಲೆ ಅಲ್ಲವೇ, ಎತ್ತರ ಎಷ್ಟು?" ಎಂದು ಮರುಪ್ರಶ್ನೆ ಹಾಕಿದರು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. 300 ದಾಟಿದರೆ ಡೈವಿಂಗ್ ಲೆಕ್ಕದಲ್ಲಿ ಅದು ಎತ್ತರದ ಜಾಗವೇ; ಡೈವ್ ಮುಗಿಸಿ ಕೂಡಲೇ ಎತ್ತರಕ್ಕೆ ಹೋದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಅಪಾಯ ತರಬಹುದು. ವಿಮಾನಕ್ಕಾದರೆ ಎರಡು ಡೈವ್ ನಂತರ 18 ಗಂಟೆ ಕಾಯುವ ನಾವು, ಶಿರಸಿಗೆ ಹತ್ತುವ ದೇವಿಮನೆ ಘಟ್ಟವನ್ನು ಮರೆತುಬಿಡುತ್ತೇವೆ. ಮೇ ತಿಂಗಳಲ್ಲಿ ನಾನೂ ಅದೇ ಸಂಜೆ ಹತ್ತಿದ್ದೆ. "ಒಂದು ರಾತ್ರಿ ಕೆಳಗೇ ಇರಿ, ಇಲ್ಲದಿದ್ದರೆ ಒಂದೇ ಡೈವ್ ಮಾಡಿ" ಎಂದ ಆ ನಾಲ್ಕನೆಯವರಿಗೇ ಮುಂಗಡ ಕೊಟ್ಟೆ. ನನ್ನ ಬಳಿ ಇಂಥದೇ ಇನ್ನೊಂದು ಪ್ರಶ್ನೆ ಇದೆ. ಅದು ಬಯಲಾದರೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಜನವರಿಯ ಪ್ರವಾಸಕ್ಕೂ ಹದಿನೈದು ದಿನ ಮೊದಲೇ ತೋಟದ ಹೊಂಡದಲ್ಲಿ ಎಲ್ಲರಿಗೂ ಮಾಸ್ಕ್ ಕಟ್ಟಿದ್ದೆ. ಮಾಸ್ಕಿಗೆ ನೀರು ನುಗ್ಗಿದರೆ ಊದಿ ತೆಗೆಯುವುದನ್ನು ಹೆಂಡತಿ ಎದೆಮಟ್ಟದ ನೀರಿನಲ್ಲಿ ನಿಂತೇ ಕಲಿತಳು. ನೇತ್ರಾಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೆಳಗಿದ್ದವಳು ಅವಳೇ, ಇಪ್ಪತ್ತೆಂಟು ನಿಮಿಷ. ಬೆಳಿಗ್ಗೆ ಮಜ್ಜಿಗೆ, ತಂಬುಳಿ ಬಂದ್. ಎರಡು ತೆಳ್ಳೇವು (ತೆಳು ದೋಸೆ), ಬೆಲ್ಲ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ತೆಗೆದುಕೊಂಡಿದ್ದೆವು.

ನಾಲ್ವರ ಡೈವ್, ಹೊನ್ನಾವರದಲ್ಲಿ ಎರಡು ರಾತ್ರಿ, ಪೆಟ್ರೋಲ್, ಊಟ ಸೇರಿ 31,000 ಚಿಲ್ಲರೆ. ಒಂದು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡಿನಲ್ಲಿ ಇನ್ನೂ ಉಳಿಯಿತು. ಭಾವ ಅಂಡಮಾನಿಗೆ ಕೊಟ್ಟಿದ್ದು ವಿಮಾನಕ್ಕೇ ಇದರ ಎರಡರಷ್ಟು.

ಬರುವ ಪುಷ್ಯ ಶುದ್ಧ ನವಮಿಗೆ ಆರು ಜನರ ಜಾಗ ಹಿಡಿದಿದ್ದೇನೆ. ಈ ಸಲ ಹಗ್ಗವನ್ನು ಇಪ್ಪತ್ತು ಮೀಟರಿಗೆ ಉದ್ದ ಮಾಡಿಸಿದ್ದೇನೆ.