ಒಡ್ಡು ಒಡೆದರೆ ಕಾಂಡ್ಲಾ ತಾನೇ ಬರುತ್ತದೆ

ತಾಂಜಾನಿಯಾದ ದಾರ್ ಎಸ್ ಸಲಾಮಿನ ಉತ್ತರಕ್ಕೆ, ಕುಂಡುಚಿ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು ಉಪ್ಪಿನ ಆಗರ ಮಾಡಿಕೊಂಡ ಜಾಗಗಳಿವೆ. ಆ ಕರಾವಳಿಯಲ್ಲಿ ಪಾಳುಬಿದ್ದ ಆಗರವೊಂದಕ್ಕೆ ಕಾಡನ್ನು ಮರಳಿ ತರುವುದು ನಮ್ಮ ತಂಡದ ಕೆಲಸ. ನಗರದ ಜನಸಂಖ್ಯೆ 2012ರ ಗಣತಿಯಲ್ಲಿ 43 ಲಕ್ಷವಿತ್ತು, 2022ಕ್ಕೆ 53 ಲಕ್ಷ ದಾಟಿತು. ಮನೆಗಳು ಕಡಲಂಚಿಗೇ ಬಂದು ಕೂತಿವೆ, ಅಲೆಯ ಹೊಡೆತ ತಡೆಯಲು ಕೆಲವೆಡೆ ಕಾಂಕ್ರೀಟ್ ಗೋಡೆಯೂ ಎದ್ದಿದೆ.

ಹಣ ಕೊಡುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಗಿಡ ನೆಟ್ಟಿರಿ? ನಾನು ಕುಮಟಾ ಕಡೆಯವನು. ಸಾಣಿಕಟ್ಟಾದ ಆಗರ ನೋಡಿ ಬೆಳೆದವನಿಗೆ ಆ ನೆಲದಲ್ಲಿ ಗಿಡ ಏಕೆ ಬದುಕುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಒಡ್ಡಿನೊಳಗೆ ನಿಂತ ನೀರು ಆರುತ್ತಾ ಹೋದಂತೆ ಮಣ್ಣಿನ ಉಪ್ಪು ಸಮುದ್ರದ ಉಪ್ಪನ್ನೂ ಮೀರುತ್ತದೆ.

ಹಾಗಾಗಿ ಸಸಿ ಬಿಟ್ಟು ಪೈಪು ಹಿಡಿದೆವು. ಗಾರೆಯವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು. ಪಕ್ಕದಲ್ಲಿ ಚೆನ್ನಾಗಿರುವ ಕಾಂಡ್ಲಾದ ನೆಲ ಎಷ್ಟು ಎತ್ತರ, ಆಗರದ ನೆಲ ಎಷ್ಟು ತಗ್ಗು ಎಂದು ಅಳೆದೆವು. ಹಳೆಯ ಕೋಡಿ ಹರಿಯುತ್ತಿದ್ದ ಸಾಲು ಹುಡುಕಿ, ಮಾರ್ಚಿನಲ್ಲಿ ದೊಡ್ಡ ಮಳೆ ಹಿಡಿಯುವ ಮೊದಲೇ, ಇಳಿತದ ಹೊತ್ತಿನಲ್ಲಿ ಅಲ್ಲೇ ಒಡ್ಡು ಕಡಿದೆವು. ಬಾಯಿ ಅಗಲವಾಗಿರಲಿ, ಕಿರಿದಾದರೆ ನೀರು ರಭಸದಿಂದ ನುಗ್ಗಿ ಮಣ್ಣನ್ನು ಕೊರೆದೊಯ್ಯುತ್ತದೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರವಿಳಿತದ ಅಂತರ ಮೂರು ಮೀಟರಿಗೂ ಹೆಚ್ಚು. ಬಿಳಿ ಉಪ್ಪಿನ ಹೆಪ್ಪು ಕರಗಲು ಅದೂ ಮಳೆಯೂ ಸಾಕಾದವು.

ಮೊದಲು ಬಂದವು ಏಡಿಗಳು. ಅವುಗಳ ಬಿಲಗಳಿಂದ ಕೆಸರಿಗೆ ಗಾಳಿ ಹೋಯಿತು. ಆಮೇಲೆ ಅವಿಸೆನ್ನಿಯಾ ಎಂಬ ಜಾತಿಯ ಕಾಂಡ್ಲಾದ ಬೀಜಗಳು ತೇಲಿಬಂದವು. ಅವರೆಕಾಳು ನೆನೆದಂತೆ ಸಿಪ್ಪೆ ಬಿಚ್ಚಿಕೊಂಡು, ಕೆಸರು ತಾಗಿದಲ್ಲೇ ಬೇರುಬಿಟ್ಟವು. ಬೀಜ ತಲುಪದ ಮೂಲೆಗಳಲ್ಲಿ ಮಾತ್ರ ರೈಜೋಫೋರಾ ಎಂಬ ಇನ್ನೊಂದು ಜಾತಿಯ ಉದ್ದನೆಯ ಮೊಳಕೆಗಾಯಿಗಳನ್ನು ಊರಿದೆವು. ಕಡಲ ಕಡೆಯ ಬಯಲು ಕೆಸರಿನಲ್ಲಿ ಅದನ್ನು ಸಾಲಾಗಿ ನೆಟ್ಟು ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಅದು ಅಲೆಗೂ ಅಂಟಿಕೊಳ್ಳುವ ಚಿಪ್ಪುಜೀವಿಗಳಿಗೂ ಬಲಿಯಾಗುತ್ತದೆ.

ಇದರಿಂದ ನಗರದೊಳಗಿನ ತಗ್ಗು ಪ್ರದೇಶವಾದ ಜಂಗ್ವಾನಿಯ ನೆರೆ ನಿಲ್ಲುವುದಿಲ್ಲ. ಅದು ಮೇಲಿನ ಗುಡ್ಡಗಳಿಂದ ಮ್ಸಿಂಬಾಜಿ ನದಿ ಹೊತ್ತು ತರುವ ನೀರು. ಅದರ ಉಪಾಯವೇ ಬೇರೆ.

ತಾಂಜಾನಿಯಾದಲ್ಲಿ ಕಾಂಡ್ಲಾ ಕಾಡು ಸರ್ಕಾರಿ ಮೀಸಲು ಅರಣ್ಯ. ಆದರೂ ಒಡ್ಡು ಮುಟ್ಟುವ ಮೊದಲೇ ಗಡಿಯನ್ನು ನಕ್ಷೆಯಲ್ಲಿ ಬರೆಸಿ, ಅನುಮತಿ ಪತ್ರಕ್ಕೆ ಲಗತ್ತಿಸಿಕೊಳ್ಳಿ. ಹಸಿರು ಕಂಡ ಮೇಲೆ ಜಾಗ ತಮ್ಮದೆನ್ನುವವರು ಬರುತ್ತಾರೆ.