ಬ್ಲ್ಯಾಕ್ ಬಾಕ್ಸ್‌ನಲ್ಲಿ ಹುರುಳಿಕಾಳು ಬಂದಾಗ

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಬ್ಲ್ಯಾಕ್ ಬಾಕ್ಸ್ ಪ್ರಾಕ್ಟಿಕಲ್ ಎಂದರೆ ಗೊತ್ತಿರುತ್ತದೆ. ಅದೊಂದು ಅಡುಗೆ ಪರೀಕ್ಷೆ. ಕೊಡುವ ಡಬ್ಬದಲ್ಲಿ ಏನಿದೆ ಎಂದು ಮೊದಲೇ ಹೇಳುವುದಿಲ್ಲ. ತೆರೆದ ಮೇಲೆ ಅರ್ಧ ಗಂಟೆಯಲ್ಲಿ ಮೆನು ಬರೆದುಕೊಡಬೇಕು. ಆಮೇಲೆ ಎರಡೂವರೆ ಗಂಟೆ ಅಡುಗೆ. ಡಬ್ಬದಲ್ಲಿರುವುದೆಲ್ಲ ತಟ್ಟೆಗೆ ಬರಲೇಬೇಕು.

ಕೊನೆಯ ವರ್ಷ ನಮಗೆ ಸಿಕ್ಕಿದ್ದು ಹುರುಳಿಕಾಳು, ರಾಗಿ ಹಿಟ್ಟು, ಪುನರ್ಪುಳಿ (ಕೋಕಮ್) ಸಿಪ್ಪೆ, ಸಿಹಿಕುಂಬಳ ಮತ್ತು ಕೋಳಿ ಕಾಲು. ಜೊತೆಗೆ ಒಂದು ಷರತ್ತು: ಫ್ರೆಂಚ್ ಅಡುಗೆಯ ಒಂದು ವಿಧಾನವನ್ನಾದರೂ ಬಳಸಬೇಕು. ಬೆಣ್ಣೆ, ಮೊಟ್ಟೆ, ಮೈದಾ, ಈರುಳ್ಳಿ, ಮಸಾಲೆಗಳು ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುತ್ತಿದ್ದವು.

ಸುತ್ತಲಿನವರು ತಟ್ಟೆಯ ಚಿತ್ರ ಬರೆಯಲು ಕೂತರು. ನನಗೆ ಆ ದಾರಿ ಇಷ್ಟವಿಲ್ಲ. ಚಿತ್ರ ಮೊದಲು ಬಂದರೆ ಸಾಮಾನನ್ನು ಅದಕ್ಕೆ ಬಗ್ಗಿಸಬೇಕಾಗುತ್ತದೆ. ನಾನು ಒಂದೊಂದರ ಎದುರು ಎರಡೇ ಪ್ರಶ್ನೆ ಬರೆದುಕೊಂಡೆ. ಇದು ಬಿಸಿಗೆ ಏನಾಗುತ್ತದೆ? ನಮ್ಮ ಕಡೆ ಇದನ್ನು ಹೇಗೆ ಬೇಯಿಸುತ್ತಾರೆ?

ನಮ್ಮದು ತುಮಕೂರು ಕಡೆ. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಬಸ್ಸಾರಿನ ಲೆಕ್ಕ ಅದು. ಆ ಕಟ್ಟನ್ನು ಇನ್ನಷ್ಟು ಕುದಿಸಿ ಬತ್ತಿಸಿದರೆ ಕಾಳಿನ ಪಿಷ್ಟದಿಂದಲೇ ಮಂದವಾಗುತ್ತದೆ. ಅಂದರೆ ಸಾಸ್‌ಗೆ ಮೈದಾ, ಬೆಣ್ಣೆ ಹುರಿದು ರೂ ಮಾಡುವ ಅಗತ್ಯವೇ ಇಲ್ಲ. ಹುಳಿಗೆ ಫ್ರೆಂಚರು ವೈನ್ ಹಾಕುತ್ತಾರೆ. ನಮ್ಮ ಬಳಿ ಪುನರ್ಪುಳಿ ಇತ್ತು. ನನ್ನ ಜೊತೆಗಾತಿ ಪುತ್ತೂರಿನವಳು. ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ, ಆ ನೀರನ್ನು ಕೊನೆಗೆ ಸ್ವಲ್ಪ ಸ್ವಲ್ಪವೇ ಸೇರಿಸು ಎಂದಳು. ಮೊದಲೇ ಹಾಕಿ ಕುದಿಸಿ ಬತ್ತಿಸಿದರೆ ಹುಳಿ ಜಾಸ್ತಿಯಾಗುತ್ತದೆ, ಅದನ್ನು ಸರಿಮಾಡುವುದು ಕಷ್ಟ.

ನೆನೆಸದ ಕಾಳು ಬೇಯಲು ಹೊತ್ತು ಬೇಕು. ಹಾಗಾಗಿ ಒಲೆಗೆ ಮೊದಲು ಹೋದದ್ದು ಹುರುಳಿಯ ಕುಕ್ಕರ್, ನೀರು ಧಾರಾಳವಾಗಿ. ಆಮೇಲೆ ಕೋಳಿಯ ಮೂಳೆ ಬಿಡಿಸಿದೆವು. ಆ ಮೂಳೆಗಳನ್ನು ಕೆಂಪಗೆ ಹುರಿದು, ಬಸಿದ ಕಟ್ಟಿನಲ್ಲೇ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದೆವು. ಬಡಿಸುವ ಮುಂಚೆ ಉರಿ ಆರಿಸಿ, ತಣ್ಣನೆಯ ಬೆಣ್ಣೆಯ ತುಂಡುಗಳನ್ನು ಹಾಕಿ ಕಡಾಯಿ ಅಲ್ಲಾಡಿಸುತ್ತಾ ಕರಗಿಸಿದರೆ ಸಾಸ್‌ಗೆ ಹೊಳಪು ಬರುತ್ತದೆ. ಮತ್ತೆ ಕುದಿಸಬಾರದು, ಬೆಣ್ಣೆ ಒಡೆದು ಎಣ್ಣೆ ಮೇಲೆ ತೇಲುತ್ತದೆ.

ರಾಗಿಯೇ ನನಗೆ ಹೆಚ್ಚು ಖುಷಿ ಕೊಟ್ಟದ್ದು. ಹಿಟ್ಟಿಗೆ ಜಿಗುಟು ಕೊಡುವ ಗ್ಲೂಟೆನ್ ರಾಗಿಯಲ್ಲಿ ಇಲ್ಲ. ಹಾಗಾಗಿ ಪಾಸ್ತಾ ಹಾಗೆ ಲಟ್ಟಿಸಿದರೆ ಹರಿಯುತ್ತದೆ. ಆದರೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಒಲೆಯ ಮೇಲೇ ತಿರುವಿದರೆ ಪಿಷ್ಟ ಬೆಂದು ಮುದ್ದೆ ಕಟ್ಟುತ್ತದೆ, ಅಲ್ವಾ? ಫ್ರೆಂಚರ ಶೂ (choux) ಪೇಸ್ಟ್ ಎಂಬ ಬೇಯಿಸಿದ ಹಿಟ್ಟು ಶುರುವಾಗುವುದೂ ಹೀಗೆಯೇ: ನೀರು, ಬೆಣ್ಣೆ ಕುದಿಸಿ, ಹಿಟ್ಟು ಸುರಿದು ತಿರುವುವುದು. ಆಮೇಲೆ ಅದಕ್ಕೆ ಮೊಟ್ಟೆ ಸೇರುತ್ತದೆ. ಆ ಪೇಸ್ಟನ್ನು ನೀರಲ್ಲಿ ಬೇಯಿಸಿದರೆ ಪ್ಯಾರಿಸ್ ಶೈಲಿಯ ನ್ಯೋಕಿ, ಅಂದರೆ ಹಿಟ್ಟಿನ ಮೆತ್ತನೆಯ ಸಣ್ಣ ತುಂಡುಗಳು. ನಾವು ಅದನ್ನೇ ಮಾಡಿದೆವು.

250 ಮಿಲಿ ನೀರು, 100 ಗ್ರಾಂ ಬೆಣ್ಣೆ, 100 ಗ್ರಾಂ ರಾಗಿ, 50 ಗ್ರಾಂ ಮೈದಾ. ಬರೀ ರಾಗಿಯಾದರೆ ತಿನ್ನಲು ಭಾರ, ಅದಕ್ಕೇ ಮೈದಾ. ಹಿಟ್ಟು ಪಾತ್ರೆಯ ಅಂಚು ಬಿಟ್ಟು ಬರುವವರೆಗೆ ತಿರುವಿ, ಬೆರಳು ತಾಳುವಷ್ಟು ಆರಿಸಬೇಕು. ಬಿಸಿ ಇರುವಾಗಲೇ ಮೊಟ್ಟೆ ಹಾಕಿದರೆ ಅದು ಅಲ್ಲೇ ಬೆಂದು ಗಂಟಾಗುತ್ತದೆ. ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸುತ್ತಾ, ಹಿಟ್ಟು ಸೌಟಿನಿಂದ ನಿಧಾನಕ್ಕೆ ಜಾರುವ ಹದ ಬಂದಾಗ ನಿಲ್ಲಿಸಬೇಕು. ಆಮೇಲೆ ಪೈಪಿಂಗ್ ಬ್ಯಾಗ್‌ಗೆ ತುಂಬಿ, ಮೆಲ್ಲಗೆ ಕುದಿಯುವ ಉಪ್ಪುನೀರಿನ ಮೇಲೆ ತುಂಡು ತುಂಡಾಗಿ ಕತ್ತರಿಸಿ ಬಿಡುವುದು. ತೇಲಿ ಬಂದು ಒಳಗೂ ಬೆಂದ ಮೇಲೆ ತೆಗೆದು ಬೆಣ್ಣೆಯಲ್ಲಿ ಹುರಿದೆವು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ರಾಗಿಯ ಘಮ ಹಾಗೇ ಇತ್ತು.

ಕುಂಬಳವನ್ನು ಓವನ್‌ನಲ್ಲಿ ಸುಟ್ಟು ನುಣ್ಣಗೆ ರುಬ್ಬಿದೆವು, ಬೀಜ ಹುರಿದು ಮೇಲೆ ಉದುರಿಸಿದೆವು. ಬೆಂದ ಹುರುಳಿಗೆ ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಕೋಳಿಯ ಕೆಳಗೆ ಹರಡಿದೆವು. ಸಾಮಾನು ಹಾಳು ಮಾಡಿದ್ದೇವೆಯೇ ಎಂದು ಕಸದ ಡಬ್ಬಿಯನ್ನೂ ಪರೀಕ್ಷಕರು ಇಣುಕಿ ನೋಡುತ್ತಾರೆ. ಅದು ತುಂಬಾ ಸರಿ ಎಂದು ನನ್ನ ಅನಿಸಿಕೆ.

ರುಚಿ ನೋಡಿದ ಶೆಫ್ ಮೊದಲು ಕೇಳಿದ್ದು, "ಸಾಸ್‌ಗೆ ಏನು ಹಾಕಿ ಮಂದ ಮಾಡಿದ್ಯಮ್ಮ?"

"ಏನೂ ಹಾಕಿಲ್ಲ ಶೆಫ್. ಹುರುಳಿಕಟ್ಟು ಬತ್ತಿಸಿದ್ದು ಅಷ್ಟೇ."

ಇನ್ನೊಂದು ಚಮಚ ತೆಗೆದುಕೊಂಡು, ಅಳತೆಯೆಲ್ಲ ಗ್ರಾಂ ಲೆಕ್ಕದಲ್ಲಿ ಬರೆದುಕೊಡು ಎಂದರು. ಮುಂದಿನ ವಾರ ನಮ್ಮ ಟ್ರೈನಿಂಗ್ ರೆಸ್ಟೋರೆಂಟ್‌ನ ಮಧ್ಯಾಹ್ನದ ಮೆನುವಿನಲ್ಲಿ ರಾಗಿ ನ್ಯೋಕಿ ಇತ್ತು. ಅದನ್ನು ಜೂನಿಯರ್‌ಗಳಿಗೆ ಕಲಿಸಿದ್ದು ನಾವಿಬ್ಬರೇ.